ತೂಬಿನ ಮೇಲೆ ಕೂತವಳು ಇಳಿದಳೇ?

ಶ್ರೀರಂಗಪಟ್ಟಣ

ಒಬ್ಬ ಮನುಷ್ಯ ಒಂದೇ ವಾರದಲ್ಲಿ ಮೂರು ನಾಲ್ಕು ಊರಿನವನಾಗಿರಲು ಸಾಧ್ಯವಿಲ್ಲ. ಮುಬೀನಾ ಎಂಬಾಕೆಯ ಮೇಲೆ ನನಗಿದ್ದ ಮೊದಲ ಆಕ್ಷೇಪ ಇದು. ಎರಡು ವರ್ಷಗಳಿಂದ ನಾವಿಬ್ಬರೂ ‘ಏಳನೇ ತೂಬು’ ಎಂಬ, ಅಂತರ್ಜಾಲದಲ್ಲಿರುವ ಹಳೆಯ ಸಿನಿಮಾದ ಕೆಳಗೆ ಕಾಮೆಂಟು ಬರೆದುಕೊಂಡು ಜಗಳವಾಡುತ್ತಿದ್ದೆವು. ನಾನು ಮಸ್ಕತ್ತಿನ ರೂವಿಯಲ್ಲಿ ಕೂತು ಬರೆಯುತ್ತಿದ್ದೆ. ಅವಳು ಒಂದು ದಿನ ಶ್ರೀರಂಗಪಟ್ಟಣದಲ್ಲಿರುತ್ತಿದ್ದಳು, ಇನ್ನೊಂದು ದಿನ ಪಾಂಡವಪುರದಲ್ಲಿ, ಆಮೇಲೆ ಕೆ.ಆರ್.ಪೇಟೆಯಲ್ಲಿ. ಒಮ್ಮೆ ತಾನಾಗಿಯೇ ನಾಗಮಂಗಲದ ಹೆಸರೆತ್ತಿದಳು, ನಾನು ಕೆದಕಿದೊಡನೆ ವಿಷಯ ಬದಲಿಸಿದಳು. ಶಾಲೆಯ ಚರ್ಚಾಸ್ಪರ್ಧೆಗೆ ತಯಾರಾಗುವಾಗ ನಮಗೆ ಮೊದಲು ಕಲಿಸಿದ್ದೇ ಇದು: ಎದುರಾಳಿ ಎಲ್ಲಿ ವಿಷಯ ಬದಲಿಸುತ್ತಾನೋ ಅಲ್ಲೇ ಹಿಡಿ. ಹಿಡಿಯಲೆಂದೇ ಹೊರಟೆ.

ನಮ್ಮ ಮಸ್ಕತ್ತಿನ ಕನ್ನಡದವರು ಇಷ್ಟು ಹೊತ್ತಿಗೆ ತಕರಾರು ತೆಗೆದಿರುತ್ತೀರಿ. ಮಂಡ್ಯ ಸೀಮೆಗೆ ಹೋಗಿ ಬಂದದ್ದನ್ನು ನಮ್ಮ ಸಂಘದ ಪತ್ರಿಕೆಗೆ ವಿದೇಶ ಪ್ರವಾಸವೆಂದು ಬರೆಯುವುದೇ ಎಂದು. ನನ್ನ ಉತ್ತರ: ನಾನು ಹುಟ್ಟಿದ್ದು ಮಸ್ಕತ್ತಿನಲ್ಲಿ, ಓದಿದ್ದು ಅಲ್ಲಿ, ಮನೆ ಅಲ್ಲಿ. ದಾವಣಗೆರೆಯ ಅಜ್ಜಿಯ ಮನೆಗೆ ರಜೆಯಲ್ಲಿ ಹೋಗಿದ್ದೇನೆಯೇ ಹೊರತು ಈ ಕಡೆಗೆ ಕಾಲಿಟ್ಟವಳಲ್ಲ. ಪಾಸ್‌ಪೋರ್ಟು ಏನೇ ಹೇಳಲಿ, ರಸ್ತೆ ದಾಟಲು ಹೆದರುವ ದೇಶ ವಿದೇಶವೇ. ನಮ್ಮಲ್ಲಿ ಜೀಬ್ರಾ ಪಟ್ಟಿಯ ಮೇಲೆ ಕಾಲಿಟ್ಟರೆ ಕಾರು ನಿಲ್ಲುತ್ತದೆ. ಇಲ್ಲಿ ನಾನು ನಿಂತೆ, ಕಾರುಗಳು ಹೋದವು.

ಇನ್ನು ಸಿನಿಮಾ. ಓಡದೆ ಹೋದ ಸಿನಿಮಾ ಅದು. ಒಂದು ಕೆರೆ, ಅದರ ತೂಬುಗಳನ್ನು ತೆಗೆದು ಮುಚ್ಚಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ, ಅವನ ಮಗಳು. ಅಪ್ಪ ಸತ್ತ ಮೇಲೆ ಮಗಳು ತೂಬಿಗೆ ಕೈ ಹಾಕುತ್ತಾಳೆ. ಹೆಣ್ಣು ತೂಬು ಮುಟ್ಟಬಾರದೆಂದು ಊರು ಹೇಳುತ್ತದೆ. ಅವಳು ವಾದ ಮಾಡುವುದೇ ಇಲ್ಲ. ನೀರಿಗಿಳಿದು, ಏಳನೇ ತೂಬಿನ ಕಲ್ಲುಕಂಬ ಹತ್ತಿ ಕೂತು, “ಕೆಳಬಯಲಿನೋರೇ, ನಿಮ್ಮ ಸರದಿ ಬಂತು” ಎಂದು ಕೂಗುತ್ತಾಳೆ. ಊರಿನವರು ಕೆರೆಯ ಏರಿಯ ಮೇಲೆ ಬಂದು ನಿಲ್ಲುತ್ತಾರೆ. ಅಷ್ಟಕ್ಕೆ ಅಂತರ್ಜಾಲದಲ್ಲಿರುವ ಪ್ರಿಂಟು ಕಟ್ಟಾಗುತ್ತದೆ. ಕೊನೆಯ ರೀಲು ಯಾರ ಬಳಿಯೂ ಇದ್ದಂತಿಲ್ಲ.

ಅವಳು ಇಳಿದಳೇ ಇಲ್ಲವೇ ಎಂಬುದೇ ನಮ್ಮ ಎರಡು ವರ್ಷದ ಜಗಳ. ಇಳಿದಿರಲೇಬೇಕು ಎಂದು ನಾನು. ಎಷ್ಟು ಹೊತ್ತು ಕೂರಲು ಸಾಧ್ಯ, ಹಸಿವಾಗುವುದಿಲ್ಲವೇ, ಊರಿನವರು ಬಿಡುತ್ತಾರೆಯೇ? ಇಳಿಯಲಿಲ್ಲ ಎಂದು ಮುಬೀನಾ. ಪುರಾವೆ ಏನು ಎಂದರೆ, ಕೆ.ಆರ್.ಪೇಟೆಯಲ್ಲಿ ಸಿನಿಮಾ ಬಂದಾಗ ನಮ್ಮ ಅಬ್ಬಾ, ಅಮ್ಮಿ ನೋಡಿದ್ದಾರೆ, ಅಬ್ಬಾ ನೂರು ಸಲ ಹೇಳಿದ್ದಾರೆ ಎನ್ನುತ್ತಿದ್ದಳು. ಕೇಳಿದ ಮಾತು ಸಾಕ್ಷಿಯಲ್ಲ ಎಂದು ನಾನು ಬರೆದರೆ ನಗುವ ಮುಖವೊಂದನ್ನು ಕಳಿಸುತ್ತಿದ್ದಳು.

ಅಂಥವಳು ಒಂದು ದಿನ ಬನ್ನಿ ಎಂದಳು. ಏಕೆ ಎಂದು ಕೇಳಿದ್ದಕ್ಕೆ ಸುಮ್ಮನೆ ಎಂದಳು. ಸುಮ್ಮನೆ ಯಾರೂ ಯಾರನ್ನೂ ಕರೆಯುವುದಿಲ್ಲ. ನಿಲ್ದಾಣಕ್ಕೇ ಬರುತ್ತೇನೆ ಎಂದದ್ದನ್ನು ನಿರಾಕರಿಸಿ, ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ ನಾನೇ ಬಂದೆ. ಅಮ್ಮನಿಗೆ ಫೋನಿನಲ್ಲಿ ನಾನಿರುವ ಜಾಗ ಕಾಣಿಸುವಂತೆ ಮಾಡಿಟ್ಟೆ. ಕೋಟೆ ತೋರಿಸುತ್ತೇನೆಂದು ಬೆನ್ನು ಬಿದ್ದ ಗೈಡಿನಿಂದ ತಪ್ಪಿಸಿಕೊಂಡು ಸಂತೆಯ ಜಾಗಕ್ಕೆ ಬಂದು, ಎಳನೀರು ಗಾಡಿಯ ಮರೆಯಲ್ಲಿ ನಿಂತು ಅವಳ ನಂಬರಿಗೆ ಕರೆ ಮಾಡಿದೆ. ಯಾರು ಎತ್ತುತ್ತಾರೆ ನೋಡೋಣವೆಂದು.

ಹಗ್ಗದ ರಾಶಿಯ ನಡುವೆ ನಿಂತಿದ್ದ, ಹಸಿರು ದುಪಟ್ಟಾದ ಒಬ್ಬಳು ಎತ್ತಿದಳು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈ ಅಗಲಿಸಿ ಒಬ್ಬ ರೈತನಿಗೆ ಮಾರು ಲೆಕ್ಕದಲ್ಲಿ ಹಗ್ಗ ಅಳೆಯುತ್ತಿದ್ದಳು. ಎಲ್ಲಿದ್ದೀರಿ ಎಂದಳು. ಇನ್ನೂ ರೈಲಿನಲ್ಲಿದ್ದೇನೆ ಎಂದೆ.

“ರೈಲಲ್ಲಿ ಎಳನೀರು ಕೊಚ್ಚೋ ಸದ್ದು ಬತ್ತಾ ಅದಲ್ಲ ಮೇಡಂ?” ಎಂದಳು. ನೇರವಾಗಿ ಗಾಡಿಯತ್ತ ತಿರುಗಿ ನೋಡುತ್ತಿದ್ದಳು.

ಹೀಗೆ ಸಿಕ್ಕಿಬಿದ್ದವಳು ನಾನು. ಆದರೂ ಸೋಲೊಪ್ಪದೆ, ನೀವೇ ಮುಬೀನಾ ಎಂಬುದಕ್ಕೆ ಏನು ಖಾತ್ರಿ ಎಂದೆ. ಅವಳು ಅಳೆಯುವುದನ್ನು ನಿಲ್ಲಿಸಲಿಲ್ಲ. “ನೀವೇ ಅನುಷಾ ಅನ್ನೋದಕ್ಕೆ ಏನು ಖಾತ್ರಿ? ಆಲೆಮನೆ ಹಾಡಲ್ಲಿ ಅವ್ಳ ಕಾಲಲ್ಲಿ ಏನಿತ್ತು, ಏಳಿ ನೋಡ್ವಾ.”

ಒಂದೇ ಕಾಲಲ್ಲಿ ಗೆಜ್ಜೆ, ಇನ್ನೊಂದನ್ನು ಕರುವಿನ ಕೊರಳಿಗೆ ಕಟ್ಟಿದ್ದಳು ಎಂದೆ. ಪ್ರಿಂಟು ಮಾಸಿ ಎಲ್ಲ ಹಸಿರಾಗಿರುವ ಆ ಹಾಡಿನಲ್ಲಿ ಅದನ್ನು ಗಮನಿಸಿದವರು ಜಗತ್ತಿನಲ್ಲಿ ನಾವಿಬ್ಬರೇ ಇರಬೇಕು. ಅವಳ ಮುಖ ಅರಳಿತು. ಪಕ್ಕದಲ್ಲಿ ಈರುಳ್ಳಿ ರಾಶಿ ಹಾಕಿಕೊಂಡಿದ್ದ ಹೆಂಗಸು ಆಗ ಸಮಾಧಾನದ ಉಸಿರುಬಿಟ್ಟು ನನಗೆ ಹೇಳಿದಳು: “ಎಣ್ಣೋ ಗಂಡೋ, ಕಳ್ಳನೋ ಅಂತ ವಾರದಿಂದ ತಲೆ ತಿಂದವ್ಳೆ ಕಣವ್ವ. ಬ್ಯಾಗಲ್ಲಿ ಖಾರದ ಪುಡಿ ಮಡಿಕ್ಕಂಡವ್ಳೆ ನೋಡು.”

ನಾನು ಅವಳನ್ನು ಅನುಮಾನಿಸುತ್ತಿದ್ದಷ್ಟು ಕಾಲವೂ ಅವಳು ನನ್ನನ್ನು ಅನುಮಾನಿಸುತ್ತಿದ್ದಳು. ಇಂಥ ಗೌರವ ನನಗೆ ಯಾರೂ ಕೊಟ್ಟಿರಲಿಲ್ಲ.

ನಾಗಮಂಗಲವೊಂದನ್ನು ಬಿಟ್ಟು ಉಳಿದ ಊರುಗಳ ಒಗಟು ಅಲ್ಲೇ ಬಿಡಿಸಿಕೊಂಡಿತು. ಒಂದೊಂದು ಊರಿಗೆ ಒಂದೊಂದು ದಿನ ಸಂತೆ. ಹಗ್ಗ, ಮೂಗುದಾರ, ದನದ ಕೊರಳ ಗಂಟೆ ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗುವುದು ಅವರ ಮನೆಯ ಕಸುಬು. ಬೆಳಗಿನ ವ್ಯಾಪಾರ ಮುಗಿದು ಬಿಸಿಲೇರಿ ಜನ ಕರಗಿದಾಗ ಅವಳು ಕಾಮೆಂಟು ಬರೆಯುತ್ತಿದ್ದಳು. ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ, ಏಕೆಂದರೆ ನಮ್ಮಲ್ಲಿ ಅಂಗಡಿ ನಿಂತಲ್ಲೇ ಇರುತ್ತದೆ, ಗಿರಾಕಿ ಓಡಾಡುತ್ತಾನೆ.

ಪಾಂಡವಪುರ

ಮುಬೀನಾಳ ಬಳಿ ಮೂರು ಚಕ್ರದ ಗೂಡ್ಸ್ ಆಟೊ ಇದೆ. ಅವಳೇ ಓಡಿಸುತ್ತಾಳೆ. ಅದರ ಮುಂಭಾಗದಲ್ಲಿ ಇಬ್ಬರು ಕೂರಬೇಕಾದರೆ ಒಬ್ಬರು ಉಸಿರು ಬಿಡುವಾಗ ಇನ್ನೊಬ್ಬರು ಎಳೆದುಕೊಳ್ಳಬೇಕು. ಎದುರಿಗೆ ಕಬ್ಬು ಹೇರಿದ ಟ್ರಾಕ್ಟರು, ರಸ್ತೆಯ ಅಗಲಕ್ಕಿಂತ ಕಬ್ಬಿನ ಅಗಲ ಜಾಸ್ತಿ. ಹಿಂದೆ ಲಾರಿಯ ಹಾರನ್ನು. ಅವಳು ಎರಡರ ನಡುವೆ ನುಗ್ಗಿಸುತ್ತ, ಆ ನಟಿ ಕೆರೆಗೆ ಇಳಿಯುವ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸುವ ರೀತಿ ಎಷ್ಟು ಸರಿ ಎಂದು ವಿವರಿಸುತ್ತಿದ್ದಳು. ರಸ್ತೆ ನೋಡಿ ಎಂದೆ. ರಸ್ತೆ ಎಲ್ಲಿಗೂ ಹೋಗುವುದಿಲ್ಲವಂತೆ.

ಪಾಂಡವಪುರದ ಸಂತೆಯಲ್ಲಿ ಅವಳ ಜಾಗ ಅವಳಿಗಾಗಿ ಕಾದಿತ್ತು. ಬೇಲಿಯಿಲ್ಲ, ಗೆರೆಯಿಲ್ಲ, ನಂಬರಿಲ್ಲ. ಎರಡು ಕಲ್ಲುಗಳ ನಡುವಿನ ಬರಿ ನೆಲ. ಎಡಗಡೆ ಕುಡುಗೋಲಿನವರು, ಬಲಗಡೆ ಎಲೆಯವರು, ನಡುವೆ ಖಾಲಿ. ತುಂಬಿ ತುಳುಕುವ ಸಂತೆಯಲ್ಲಿ ಆ ಖಾಲಿಯನ್ನು ಯಾರೂ ಮುಟ್ಟಿರಲಿಲ್ಲ. ಇದಕ್ಕೆ ಯಾವ ಕಾಗದ ಇದೆ ಎಂದು ಕೇಳಿದೆ. ಕುಡುಗೋಲಿನವನು ನನ್ನನ್ನು ಕನಿಕರದಿಂದ ನೋಡಿದ. ಸಂತೆಯಲ್ಲಿ ಜಾಗವನ್ನು ಉಳಿಸುವುದು ಅಕ್ಕಪಕ್ಕದವರ ಬಾಯಿಮಾತು. ಆದರೆ ಬಹಳ ಸಂತೆ ತಪ್ಪಿಸಿದರೆ ಬಾಯಿಮಾತೂ ತೆಳುವಾಗುತ್ತದೆ. ಆಗ ಉಳಿಯುವ ದಾರಿ ಒಂದೇ, ಬೋಣಿ. ದಿನದ ಮೊದಲ ವ್ಯಾಪಾರ ಯಾವ ನೆಲದ ಮೇಲೆ ಆಗುತ್ತದೋ ಆ ನೆಲದಿಂದ ನಿಮ್ಮನ್ನು ಯಾರೂ ಎಬ್ಬಿಸುವಂತಿಲ್ಲ. ಬೋಣಿಯಾದವರನ್ನು ಎಬ್ಬಿಸಿದರೆ ಇಡೀ ಸಾಲಿಗೆ ಕೇಡು ಎಂದು ನಂಬಿಕೆ.

ಮೂಢನಂಬಿಕೆ ಎಂದೆ. “ಮೂಢ್ವೋ ಗೀಢ್ವೋ, ಜಗಳ ಆಗಕ್ಕಿಲ್ವಲ್ಲ” ಎಂದ ಅವನು.

ಅವಳು ಚಹಾ ತರಲು ಹೋದಾಗ ಒಬ್ಬ ರೈತ ಬಂದು ನೀಲಿ ನೈಲಾನು ಹಗ್ಗವನ್ನು ಎಳೆದು ನೋಡಿ, ಬಾಳಿಕೆ ಬರುತ್ತದಾ ಎಂದು ಕೇಳಿದ. ನಾನು ಎರಡೂ ಪಕ್ಷಗಳನ್ನು ಮಂಡಿಸಿದೆ. ನೀರಿಗೆ ಕೊಳೆಯುವುದಿಲ್ಲ, ನಿಜ. ಆದರೆ ಬಿಸಿಲಿಗೆ ಸೊರಗುತ್ತದೆ, ಹಸುವಿನ ಕತ್ತನ್ನು ತೆಂಗಿನ ನಾರಿಗಿಂತ ಹೆಚ್ಚು ಉಜ್ಜುತ್ತದೆ. ಅವನು ಗಂಭೀರವಾಗಿ ಕೇಳಿಸಿಕೊಂಡು, ಕೈಮುಗಿದು, ಏನೂ ಕೊಳ್ಳದೆ ಹೋದ. ಚಹಾ ಹಿಡಿದು ಬಂದ ಮುಬೀನಾ ಅವನ ಬೆನ್ನು ನೋಡುತ್ತ ನಿಂತಳು.

“ಸುಳ್ಳೇಳ್ಬೇಡಿ, ಸರಿ. ಕೇಳ್ದಷ್ಟಕ್ಕೆ ನಿಲ್ಸೋದಲ್ವಾ ಅಕ್ಕ?”

ಮೇಡಂ ಹೋಗಿ ಅಕ್ಕ ಆಗಿದ್ದೆ, ನಷ್ಟದ ಮೂಲಕ.

ನಾಗಮಂಗಲದ ವಿಷಯವನ್ನು ಅವಳು ಬಾಯಿಬಿಟ್ಟದ್ದು ಅಲ್ಲಿ, ಚಹಾ ಮುಗಿದ ಮೇಲೆ. ಅವಳ ಅಬ್ಬಾ, ಎಲ್ಲರೂ ಬಾಬು ಸಾಬರು ಎನ್ನುತ್ತಿದ್ದವರು, ಹೋದ ವರ್ಷ ತೀರಿಕೊಂಡರು. ಈ ಮೂರು ಊರುಗಳಲ್ಲಿ ಅವಳೂ ಅವರ ಜೊತೆ ಕೂತವಳು, ಗಿರಾಕಿಗಳಿಗೆ ಗೊತ್ತು, ಹಾಗಾಗಿ ನಡೆಯುತ್ತಿದೆ. ನಾಗಮಂಗಲಕ್ಕೆ ಮಾತ್ರ ಅವರೊಬ್ಬರೇ ಹೋಗುತ್ತಿದ್ದರು. ಅದೇ ಅವರಿಗೆ ದೊಡ್ಡ ಸಂತೆ, ಹೊಂಗೆ ಮರದ ಕೆಳಗಿನ ನೆರಳಿನ ಜಾಗ. ಅವರು ಹೋದ ಮೇಲೆ ಯಾರೂ ಅಲ್ಲಿಗೆ ಹೋಗಿಲ್ಲ. ಪಕ್ಕದ ಬಕೆಟ್ಟಿನ ಪುಟ್ಟಸ್ವಾಮಿ ಆ ಜಾಗಕ್ಕೂ ಬಕೆಟ್ಟು ಹರಡಿದ್ದಾನೆಂದು ಸುದ್ದಿ. ಆ ಸಂತೆ ಕೈಬಿಟ್ಟರೆ ಉಳಿದದ್ದರಲ್ಲಿ ಮನೆ ನಡೆಯುವುದಿಲ್ಲ. ಅಮ್ಮಿಯ ಅಣ್ಣ ಆಗಲೇ ಆಟೊ ಮಾರಿಸಿ, ಇವಳನ್ನು ಮೈಸೂರಿನ ಗಾರ್ಮೆಂಟ್ಸಿಗೆ ಸೇರಿಸುವ ಮಾತಾಡುತ್ತಿದ್ದಾರೆ. ಇದೇ ವಾರ ಹೋಗಿ ಕೂರಬೇಕೆಂದು ಅವಳು ನಿಶ್ಚಯಿಸಿದ್ದಳು.

“ನೀವು ವಾದ ಮಾಡೋರಲ್ವಾ, ಜತೇಲಿದ್ರೆ ಧೈರ್ಯ ಅಂತ...” ಎಂದಳು.

ಸಿಕ್ಕಿತಲ್ಲ ಅಂದುಕೊಂಡೆ. ಸುಮ್ಮನೆ ಅಲ್ಲ. ಸಿನಿಮಾ ಬರಿಯ ಎರೆ. ಪುಕ್ಕಟೆ ವಕೀಲಳೊಬ್ಬಳು ಬೇಕಿತ್ತು. ಅಂದು ಸಂಜೆಯವರೆಗೆ ನಾನು ಅವಳೊಂದಿಗೆ ಹೂಂ ಉಹೂಂಗಳಲ್ಲೇ ಮಾತಾಡಿದೆ. ಮೇಲುಕೋಟೆಯ ಬೆಟ್ಟ ದೂರದಲ್ಲಿ ಕಂಡಾಗ ತೋರಿಸಿದಳು, ನೋಡಿದೆ ಎಂದೆ. ಆದರೆ ಒಂದು ಅಂಶ ನನ್ನ ವಾದಕ್ಕೆ ಹೊಂದುತ್ತಿರಲಿಲ್ಲ. ಜಗಳ ಶುರುವಾದಾಗ ಅವಳ ಅಬ್ಬಾ ಬದುಕಿದ್ದರು. ಎರಡು ವರ್ಷ ಮೊದಲೇ ಎರೆ ಹಾಕಿ ಕೂರುವವರು ಯಾರು?

ಕೆ.ಆರ್.ಪೇಟೆ

ಅವರ ಮನೆ ಬಸ್ಸು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ. ಮನೆಯ ಮುಂದೆ ಹಗ್ಗ, ಮನೆಯೊಳಗೆ ಹಗ್ಗ, ಮಂಚದ ಕೆಳಗೆ ಹಗ್ಗ. ಮುಬೀನಾಳ ತಾಯಿ ಫಾತಿಮಾಬಿ ಮಂಡಿನೋವಿನ ಕಾಲು ಚಾಚಿ ಕೂತು ಮೂಗುದಾರ ಹೆಣೆಯುತ್ತಿದ್ದರು. ನನ್ನನ್ನು ಬೇಟಿ ಎಂದು ಕರೆದು, ಮಸ್ಕತ್ತಿನಲ್ಲಿ ಹಸು ಇದೆಯಾ ಎಂದು ಮೊದಲು ಕೇಳಿದರು. ಒಂಟೆ, ಮೇಕೆ ಹೆಚ್ಚು ಎಂದೆ. ಒಂಟೆಗೆ ಮೂಗುದಾರ ಯಾವ ಅಳತೆ ಎಂದು ಕೇಳಿದರು. ಹುಟ್ಟಿದಂದಿನಿಂದ ಅಲ್ಲಿರುವ ನನಗೆ ಗೊತ್ತಿರಲಿಲ್ಲ.

ಊಟಕ್ಕೆ ಮುದ್ದೆ, ಕೋಳಿಸಾರು. ಅಗಿಯಬಾರದು ಎಂದರು. ಅಗಿಯದೆ ನುಂಗಿದರೆ ಜೀರ್ಣವಾಗುವುದಿಲ್ಲ ಎಂದು ನಾನು ವಾದಿಸುವಷ್ಟರಲ್ಲಿ ತಾಯಿ ಮಗಳು ಎರಡು ಮುದ್ದೆ ಮುಗಿಸಿದ್ದರು.

ಊಟವಾದ ಮೇಲೆ ಸ್ಟೀಲಿನ ಚೊಂಬಿಗೆ ಫೋನು ಒರಗಿಸಿ ಸಿನಿಮಾ ಹಾಕಿದೆವು. ನಾನೂ ಅವಳೂ ಬೇರೆ ಬೇರೆ ದೇಶದಲ್ಲಿ ಕೂತು ಎಷ್ಟು ಸಲ ನೋಡಿದ್ದೆವೋ. ಒಟ್ಟಿಗೆ ನೋಡಿದ್ದು ಅದೇ ಮೊದಲು. ಆಲೆಮನೆಯ ಹಾಡಿಗೆ ಇಬ್ಬರೂ ಒಮ್ಮೆಗೇ ಗೆಜ್ಜೆಯ ಕಾಲಿಗೆ ಬೆರಳಿಟ್ಟೆವು. ಅವಳು ನಕ್ಕಳು. ನಾನಿನ್ನೂ ಮುನಿಸಿನಲ್ಲಿದ್ದೆ, ಆದರೂ ನಗು ಬಂತು. ತೂಬಿನ ಕಂಬ ಬಂತು, ಕೂಗು ಬಂತು, ಏರಿಯ ಮೇಲೆ ಜನ ಬಂದರು, ಪ್ರಿಂಟು ಕಟ್ಟಾಯಿತು.

ಬಿಟ್ಟರೆ ಇಂಥ ಸಾಕ್ಷಿ ಮತ್ತೆ ಸಿಗುವುದಿಲ್ಲವಲ್ಲ. ನಾನು ಫಾತಿಮಾಬಿಯವರಿಗೆ ನೇರ ಪ್ರಶ್ನೆ ಹಾಕಿದೆ. ಥಿಯೇಟರಿನಲ್ಲಿ ನೋಡಿದವರು ನೀವು. ಇದಾದ ಮೇಲೆ ಏನಾಯಿತು? ಅವಳು ಇಳಿದಳೇ, ಇಲ್ಲವೇ?

ಅವರು ಹೆಣೆಯುವ ಕೈ ನಿಲ್ಲಿಸಿ ಮಗಳ ಕಡೆ ನೋಡಿದರು.

“ಅರೆ, ನಾವು ಕೊನೆತನ್ಕ ಎಲ್ಲಿ ನೋಡುದ್ವಿ ಬೇಟಿ? ಕೊನೆ ಬಸ್ಸು ಓಯ್ತದೆ ಅಂತ ಎದ್ದೋಡಿ ಬಂದ್ವಿ. ಆಗ ನಾವು ಇದ್ದದ್ದು ಹೊಸಹೊಳಲಲ್ಲಿ ಅಲ್ವಾ.”

ಅಬ್ಬಾ ಹೇಳುತ್ತಿದ್ದರಲ್ಲ ಎಂದಳು ಮುಬೀನಾ. ಇಳಿಯಲಿಲ್ಲ ಅಂತ. ಬೆಳಗಾದ ಮೇಲೆ ಊರಿನವರೇ ರೊಟ್ಟಿ ತಂದುಕೊಟ್ಟರು ಅಂತ.

“ಅದು ನೀನು ಮಗು ಆಗಿದ್ದಾಗ, ಅಳ್ತಿದ್ದೆ ಅಂತ ಕಟ್ಟಿ ಏಳಿದ್ದು. ಅವರು ನನ್ ಪಕ್ಕದಲ್ಲೇ ಓಡಿ ಬಂದ್ರಲ್ಲ, ಚಪ್ಲಿ ಬೇರೆ ಕಳ್ಕಂಡು.”

ಎರಡು ವರ್ಷದ ವಾದದಲ್ಲಿ ನಾನು ಗೆದ್ದಿದ್ದೆ. ಮಸ್ಕತ್ತಿನ ಅಂತರಶಾಲಾ ಸ್ಪರ್ಧೆಗಳಲ್ಲಿ ಗೆದ್ದಾಗ ಆಗುತ್ತಿದ್ದ ಆ ಬೆಚ್ಚಗಿನ ಭಾವಕ್ಕಾಗಿ ಕಾದೆ. ಬರಲಿಲ್ಲ. ಮುಬೀನಾ ಫೋನನ್ನು ಮಗುಚಿ ಇಟ್ಟು, ಹೊರಗೆ ಹೋಗಿ ಆಟೊದ ಟಾರ್ಪಾಲನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ನಾನೂ ಹೋದೆ.

“ನಾಗಮಂಗಲ ಬ್ಯಾಡ ಬುಡಿ ಅಕ್ಕ” ಎಂದಳು. “ಅವ್ಳು ಇಳ್ದವ್ಳೆ. ನೀವೇ ಸರಿ.”

ಅವಳು ಯಾವುದನ್ನು ನಂಬಿ ಹೊರಟಿದ್ದಳೆಂದು ನನಗೆ ಗೊತ್ತಾದದ್ದು ಆಗ. ಲಾರಿಗಳ ನಡುವೆ ನುಗ್ಗಲು ಅವಳಿಗೆ ಸಿನಿಮಾ ಬೇಕಿರಲಿಲ್ಲ. ಗೊತ್ತಿಲ್ಲದ ಸಂತೆಯಲ್ಲಿ ಒಬ್ಬಳೇ ಕೂತು ಕೂಗಲು ಬೇಕಿತ್ತು. ಈ ಮೂರು ಊರುಗಳಲ್ಲಿ ಅವಳು ಎಂದೂ ಕೂಗಿ ಮಾರಿದವಳಲ್ಲ. ಅದು ಅಬ್ಬಾನ ಕೆಲಸ. ಈಗ ಗಿರಾಕಿಗಳು ತಾವೇ ಬರುತ್ತಾರೆ. ಅಲ್ಲಿ ಬರುವುದಿಲ್ಲ.

ನಮಗೆ ಸ್ಪರ್ಧೆಗಳಲ್ಲಿ ನಾಣ್ಯ ಚಿಮ್ಮಿ ಪಕ್ಷ ಕೊಡುತ್ತಾರೆ. ಇವತ್ತು ಪರ ಮಾತಾಡಿದವಳು ನಾಳೆ ವಿರೋಧ ಮಾತಾಡಬೇಕು. ನಾನು ಅಲ್ಲೇ, ಆಟೊದ ಪಕ್ಕ, ಪಕ್ಷ ಬದಲಿಸಿದೆ. ನಿಮ್ಮ ಅಬ್ಬಾ ನೋಡಲಿಲ್ಲ ಎಂಬುದರಿಂದ ಅವಳು ಇಳಿದಳೆಂದು ಸಾಬೀತಾಗುವುದಿಲ್ಲ ಎಂದೆ. ಇಳಿದಳೆನ್ನಲು ನನ್ನ ಬಳಿಯೂ ಪುರಾವೆಯಿಲ್ಲ, ಇಷ್ಟು ದಿನ ಇದ್ದದ್ದು ಬರಿಯ ಜೋರು. ಇನ್ನೊಂದು, ಅರ್ಧಕ್ಕೇ ಎದ್ದು ಬಂದ ಮನುಷ್ಯ ಎರಡು ಕೊನೆ ಕಟ್ಟಬಹುದಿತ್ತು. ಮಗಳಿಗೆ ಹೇಳಲು ಒಂದನ್ನು ಆರಿಸಿದರು. ಯಾಕೆ ಅದನ್ನೇ?

ಅವಳು ಟಾರ್ಪಾಲಿನ ಗಂಟನ್ನು ಬಿಗಿದು, ಬೆಳಿಗ್ಗೆ ಬೇಗ ಏಳಬೇಕು ಎಂದಷ್ಟೇ ಹೇಳಿದಳು.

ನಾಗಮಂಗಲ

ಹೊಂಗೆ ಮರ ಇತ್ತು. ಅದರ ಕೆಳಗೆ ಬಕೆಟ್ಟುಗಳೂ ಇದ್ದವು, ನೀಲಿ, ಕೆಂಪು, ಒಂದರೊಳಗೊಂದು ಸೇರಿ ಗೋಪುರದ ಹಾಗೆ. ಪುಟ್ಟಸ್ವಾಮಿ ಬೆಳ್ಳಗಿನ ಮೀಸೆಯ, ತೆಳ್ಳಗಿನ ಮನುಷ್ಯ. ಮುಬೀನಾಳನ್ನು ನೋಡಿದ, ಅಪ್ಪನ ಹೋಲಿಕೆಯಿಂದಲೇ ಇರಬೇಕು, ಗುರುತು ಹಿಡಿದ, ಬೀಡಿ ಹಚ್ಚಿದ. ಇವಳು ಸಲಾಂ ಹೇಳಿ, ಬಾಬು ಸಾಬರ ಮಗಳು, ಜಾಗಕ್ಕೆ ಬಂದಿದ್ದೇನೆ ಎಂದಳು. ಅದು ಹೇಗೋ ಸರಿಯಾಗಿಯೇ ಸಾಗುತ್ತಿತ್ತು ಅನಿಸುತ್ತದೆ. ಅವನು ಏನೋ ಹೇಳಲು ಬೀಡಿ ಕೆಳಗಿಳಿಸಿದ್ದ.

ಆಗ ನಾನು ಬಾಯಿ ಹಾಕಿದೆ. ಈ ಜಾಗ ನಿಮ್ಮದೆನ್ನಲು ಆಧಾರ ಏನು, ರಸೀದಿ ಇದೆಯೇ, ಇದ್ದರೆ ತೋರಿಸಿ ಎಂದೆ. ಸ್ಪರ್ಧೆಯಲ್ಲಾಗಿದ್ದರೆ ಚಪ್ಪಾಳೆ ಬೀಳುವ ಪ್ರಶ್ನೆ.

“ರಸೀದಿಯಾ?” ಎಂದು ಅವನು ಸಾಲಿನ ಕಡೆ ತಿರುಗಿದ. “ಕೇಳ್ಸ್ಕಂಡ್ರಾ ಕಣ್ರಲಾ? ಈಯಮ್ಮ ರಸೀದಿ ಕೇಳ್ತಾವ್ಳೆ. ಬಾಬು ಸಾಬ್ರು ಯಾವತ್ತು ತೋರ್ಸಿದ್ರು ರಸೀದಿಯಾ?”

ಸಾಲು ನಕ್ಕಿತು. ಅಕ್ಕಪಕ್ಕದವರ ಬಾಯಿಮಾತಿನ ಮೇಲೆ ನಿಂತ ಜಾಗಕ್ಕೆ ಕಾಗದ ಕೇಳಿ, ಬಾಯಿಮಾತಾಡಬೇಕಾದವರೆಲ್ಲರ ಬಾಯನ್ನೂ ನಾನೇ ಕಟ್ಟಿದ್ದೆ. ಅವನು ಈಗ ಮೊಂಡುಬಿದ್ದ. ತಿಂಗಳುಗಟ್ಟಲೆ ಬರದೆ, ಈಗ ವಕೀಲರನ್ನು ಕರಕೊಂಡು ಬಂದರೆ ಆಯಿತೇ ಎಂದ. ಕೊನೆಗೆ ಒಂದು ಬಕೆಟ್ಟಿನ ಗೋಪುರವನ್ನು ಕಾಲಿನಿಂದ ಸರಿಸಿ, ಒಬ್ಬರು ಕೂರುವಷ್ಟು ನೆಲ ತೋರಿಸಿದ.

“ಕುಂತ್ಕೊ. ಬೋಣಿ ಮಾಡಿ ತೋರ್ಸವ್ವ. ಬೋಣಿ ಆದ್ರೆ ಮಿಕ್ಕಿದ್ ಬಕೆಟ್ಟೆಲ್ಲ ನಾನೇ ಎತ್ತೀನಿ. ಬಿಸ್ಲು ಮರ ದಾಟೋದ್ರೊಳ್ಗೆ ಆಗ್ನಿಲ್ಲ ಅಂದ್ರೆ ಈ ಕಡೀಕ್ ತಿರುಗ್ಬ್ಯಾಡ.”

ಮುಬೀನಾ ಟಾರ್ಪಾಲನ್ನು ನಾಲ್ಕಾಗಿ ಮಡಿಸಿ ಹಾಸಿದಳು. ಮೇಲೆ ಮೂಗುದಾರ, ದನ ಕಟ್ಟುವ ಕಣ್ಣಿಹಗ್ಗ, ಒಂದು ಗಂಟೆ. ಬಕೆಟ್ಟುಗಳ ನಡುವೆ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಜನ ಬಂದರು, ಹೋದರು. ದನ ಹಿಡಿದವರೂ ಹೋದರು. ನಾನೇ ಒಂದು ಗಂಟೆ ಕೊಂಡುಬಿಡುತ್ತೇನೆ ಎಂದು ಕೈಚೀಲಕ್ಕೆ ಕೈ ಹಾಕಿದೆ. ಜೊತೆಯಲ್ಲಿ ಬಂದವರದು ಬೋಣಿಯಲ್ಲ ಎಂದು ಸಾಲಿನ ಆಚೆ ತುದಿಯಿಂದ ಯಾರೋ ಹೇಳಿದರು. ಅಷ್ಟು ದೂರದಿಂದಲೂ ನನ್ನ ಮೇಲೆ ಕಣ್ಣಿಟ್ಟಿದ್ದರು.

ಪುಟ್ಟಸ್ವಾಮಿ ತನ್ನ ವ್ಯಾಪಾರಕ್ಕೆ ಕೂಗತೊಡಗಿದ. ಗಂಟಲಲ್ಲ ಅದು, ಮೈಕು. ಮುಬೀನಾ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಸದ್ದು ಬರಲಿಲ್ಲ. ಬಿಸಿಲು ಟಾರ್ಪಾಲಿನ ಅಂಚಿಗೆ ಬಂದಿತ್ತು. ಅವಳು ಮೂಗುದಾರಗಳನ್ನು ಒಟ್ಟು ಮಾಡಿ ಕಟ್ಟಲು ಶುರುಮಾಡಿದಳು.

“ಇಳ್ದ್ಬುಡ್ತೀನಿ ಅಕ್ಕ” ಎಂದಳು, ನನಗಷ್ಟೇ ಕೇಳುವಂತೆ.

ನನಗೆ ಯಾವ ವಾದವೂ ಹೊಳೆಯಲಿಲ್ಲ. ಹೊಳೆದದ್ದು ಒಂದೇ ಸಾಲು. ಎದ್ದು ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದೆ: “ಕೆಳಬಯಲಿನೋರೇ, ನಿಮ್ಮ ಸರದಿ ಬಂತೂ...”

ವೇದಿಕೆಗಳಲ್ಲಿ ಎಷ್ಟೋ ಮಾತಾಡಿದವಳ ದನಿ ಮೊದಲನೇ ಬಕೆಟ್ಟಿಗೆ ಬಡಿದು ಸತ್ತುಹೋಯಿತು. ನನಗೇ ಬೆಕ್ಕಿನ ಮರಿಯ ಸದ್ದಿನಂತೆ ಕೇಳಿಸಿತು. ಸೊಪ್ಪಿನ ಕಟ್ಟು ಹಿಡಿದು ಹೋಗುತ್ತಿದ್ದವನೊಬ್ಬ ನಿಂತು, ಯಾವ ಸರದಿ, ರೇಷನ್ನಿಂದಾ ಎಂದು ನಿಜವಾಗಿಯೇ ವಿಚಾರಿಸಿದ. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪುಟ್ಟಸ್ವಾಮಿ ಬೀಡಿ ಬೀಳಿಸಿಕೊಂಡ. ಮುಬೀನಾ ದುಪಟ್ಟಾ ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ ನಕ್ಕಳು. ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆ ನಗುವಿನಲ್ಲೇ ಅವಳ ಗಂಟಲು ಬಿಟ್ಟಿರಬೇಕು.

“ಮೂಗ್ದಾರಾ... ಕಣ್ಣೀ... ಗಂಟೇ...” ಎಂದು ಕೂಗಿದಳು. ಮೊದಲನೆಯದು ನಡುಗಿತು. ಎರಡನೆಯದು ಮರ ದಾಟಿತು. ಪ್ರತಿ ಮಾತಿನ ಕೊನೆಯನ್ನು ಮೇಲಕ್ಕೆತ್ತಿ, ಥಟ್ಟನೆ ಕೆಳಗೆ ಬಿಡುವ ಒಂದು ವಿಚಿತ್ರ ರಾಗ. ಸಿನಿಮಾದ್ದಲ್ಲ ಅದು. ನಾನು ಎಂದೂ ಕೇಳಿರದ ರಾಗ.

ಕಡಸೊಂದನ್ನು ಹಿಡಿದು ದಾಟಿ ಹೋಗಿದ್ದ ಮುದುಕನೊಬ್ಬ ನಿಂತ. ಹಿಂತಿರುಗಿ ಬಂದ. ಬಕೆಟ್ಟುಗಳ ನಡುವೆ ಬಗ್ಗಿ ಇವಳ ಮುಖ ನೋಡಿದ.

“ಈ ಕೂಗು ಬಾಬು ಸಾಬರ್ದಲ್ವಾ? ಮಗ್ಳಾ ನೀನು?”

ಹೌದೆಂದಳು. ಅವನು ಅಷ್ಟಕ್ಕೆ ಕರಗಲಿಲ್ಲ. ಒಂದೊಂದು ಮೂಗುದಾರವನ್ನೂ ಹಿಂಜಿ, ಎಳೆದು, ಮೂಸಿ ನೋಡಿದ. ನಿಮ್ಮಪ್ಪನ ಹೆಣಿಗೆ ಇದಕ್ಕಿಂತ ಬಿಗಿ ಇತ್ತು ಎಂದ. ಬಿಗಿ ಬೇಕಾದರೆ ಇದು ತಗೊಳ್ಳಿ, ಅಮ್ಮಿ ಹೆಣೆದದ್ದು ಎಂದಳು. ಇಷ್ಟು ಅನುಮಾನದ ಮನುಷ್ಯನನ್ನು ನಾನು ಕನ್ನಡಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಕೊನೆಗೂ 'ಸರಿ, ಕೊಡು' ಎಂದ. ಮುಬೀನಾ ಅವನು ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡಳು. ಸಾಲಿನ ಉದ್ದಕ್ಕೂ, ಬೋಣಿ ಆಯ್ತು, ಬೋಣಿ ಆಯ್ತು ಎಂಬ ಮಾತು ಹರಿದುಹೋಯಿತು.

ಪುಟ್ಟಸ್ವಾಮಿ ಎದ್ದು, ಬಕೆಟ್ಟುಗಳನ್ನು ಎತ್ತತೊಡಗಿದ. ಕೊನೆಯ ಗೋಪುರದ ಕೆಳಗೆ, ನೆಲದಲ್ಲಿ, ಕಬ್ಬಿಣದ ಗೂಟವೊಂದು ಇತ್ತು. ಹಗ್ಗ ನೇತುಹಾಕಲು ಬಾಬು ಸಾಬರು ಹೊಡೆದದ್ದು.

“ಕಾಯ್ಕಂಡಿದ್ದೆ ಕಣವ್ವ” ಎಂದ. “ನಾನು ಬಕೆಟ್ ಹರಡ್ಕಂಡಿರ್ನಿಲ್ಲ ಅಂದ್ರೆ ಆ ಪಕ್ಕದ ಚಪ್ಲಿ ಮಾರೋರು ಯಾವತ್ತೋ ಬಂದ್ಬುಡೋರು.”

ಹಾಗಿದ್ದರೆ ಬಂದ ಕೂಡಲೇ ಬಿಡಬಹುದಿತ್ತಲ್ಲ ಎಂದೆ, ತಡೆಯಲಾಗದೆ.

“ಬುಡಾಣ ಅಂತಿದ್ದೆ. ನೀನು ರಸೀದಿ ಕೇಳ್ದಲ್ಲ.”

ಈ ಮಾತನ್ನು ನಾನು ಅಲ್ಲಿಂದ ಕೆ.ಆರ್.ಪೇಟೆಯವರೆಗೂ ತೂಗಿದೆ. ಅವನ ಪರವಾಗಿ: ಗೂಟ ಕಿತ್ತಿರಲಿಲ್ಲ, ನಾನು ಬಾಯಿ ಹಾಕುವ ಮೊದಲು ಬೀಡಿ ಇಳಿಸಿದ್ದ. ವಿರುದ್ಧವಾಗಿ: ಅಷ್ಟು ಕಾಲವೂ ಅದೇ ನೆಲದಲ್ಲಿ ಬಕೆಟ್ಟು ಮಾರಿಕೊಂಡಿದ್ದ. ಮುಬೀನಾಳನ್ನು ಕೇಳಿದೆ, ನೀನು ನಂಬುತ್ತೀಯಾ ಎಂದು. ಯಾವಾಗ ನೀವು ಹೋಗಿ ನೀನು ಆಗಿತ್ತೋ ಗೊತ್ತಿಲ್ಲ.

“ಅರ್ಧ ನಂಬ್ತೀನಿ” ಎಂದಳು. “ಮಿಕ್ಕರ್ಧ ಮುಂದಿನ್ ಸಂತೇಲಿ ನೋಡ್ವಾ.”

ನಾನಿನ್ನೂ ನಂಬಿಲ್ಲ.

ಮಸ್ಕತ್

ಹೊರಡುವ ದಿನ ಫಾತಿಮಾಬಿಯವರು ನನ್ನ ಸೂಟ್‌ಕೇಸಿಗೆ ಗುರುತಿಗೆಂದು ಕೆಂಪು ಮೂಗುದಾರ ಕಟ್ಟಿ, ದನದ ಗಂಟೆಯೊಂದನ್ನು ಒಳಗಿಟ್ಟಿದ್ದರು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸೂಟ್‌ಕೇಸು ಗಂಟೆ ಬಾರಿಸಿದಾಗ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, ಇದು ಯಾಕೆ, ನಿಮ್ಮಲ್ಲಿ ಹಸು ಇದೆಯೇ, ಇಲ್ಲದಿದ್ದರೆ ಗಂಟೆ ಏಕೆ ಎಂದು ಒಂದರ ಮೇಲೊಂದು ಪ್ರಶ್ನೆ ಹಾಕಿದ. ಸ್ನೇಹಿತೆ ಕೊಟ್ಟದ್ದು ಎಂದೆ. ಎಲ್ಲಿಯ ಸ್ನೇಹಿತೆ, ಹೇಗೆ ಪರಿಚಯ ಎಂದ. ಓಡದ ಸಿನಿಮಾದ ಕಾಮೆಂಟುಗಳಲ್ಲಿ ಎಂದು ಹೇಳಿದರೆ ನಾನೇ ಆಗಿದ್ದರೂ ನಂಬುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಮುತ್ರಾದ ಮೀನು ಮಾರುಕಟ್ಟೆಗೆ ಅಮ್ಮನ ಜೊತೆ ಹೋದೆ. ಎಷ್ಟೋ ವರ್ಷ ನೋಡಿದ ಜಾಗ. ಯಾರು ಯಾರ ಪಕ್ಕ ಕೂರುತ್ತಾರೆ, ಯಾರು ಕೂಗುತ್ತಾರೆ, ಯಾರು ಕೂಗುವುದಿಲ್ಲ ಎಂದು ಮೊದಲ ಸಲ ಗಮನಿಸುತ್ತ ನಿಂತೆ. ಮೀನು ಕೊಳ್ಳುವುದನ್ನು ಬಿಟ್ಟು ಏನು ನೋಡುತ್ತಿದ್ದೀಯ ಎಂದು ಅಮ್ಮ ಗದರಿದಳು.

ಆ ಮಧ್ಯಾಹ್ನ ‘ಏಳನೇ ತೂಬು’ ತೆಗೆದು, ಎರಡು ವರ್ಷದ ನಮ್ಮ ಜಗಳದ ಕೆಳಗೆ ಬರೆದೆ: “ಅವಳು ಇಳಿಯಲಿಲ್ಲ. ಕಣ್ಣಾರೆ ನೋಡಿದ್ದೇನೆ.”

ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ನಾಗಮಂಗಲದಲ್ಲಿದ್ದಳು, ಗಿರಾಕಿಗಳಿದ್ದರಂತೆ.

“ಕೇಳಿದ ಮಾತು ಸಾಕ್ಷಿಯಲ್ಲ ಮೇಡಂ” ಎಂದು ಬರೆದಿದ್ದಳು. “ಪುರಾವೆ ಏನು?”